ಹಂಚಿಕೊಂಡ ಕೋಡ್‌ನ ಲೆಕ್ಕ: ಯುನಿಕ್ಸ್‌ನ ಶೇರ್ಡ್ ಲೈಬ್ರರಿಗಳು ಎಲ್ಲಿ ಉಳಿಸುತ್ತವೆ, ಎಲ್ಲಿ ಖರ್ಚು ಮಾಡಿಸುತ್ತವೆ

(ಮಡಿಕೇರಿಯಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಕಂಪ್ಯೂಟರ್ ಕೆಲಸದವರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ ಕಡೆಯಿಂದ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಇಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿದ್ದಾರೆ, ಶಾಲೆಯ ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರುಗಳಿದ್ದಾರೆ, ಎಸ್ಟೇಟ್ ಆಫೀಸಿನ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಕೊಂಡವರೂ ಇದ್ದಾರೆ. ಹಾಗಾಗಿ ಬುಡದಿಂದಲೇ ಶುರು ಮಾಡುತ್ತೇನೆ.

ಪ್ರೋಗ್ರಾಂ ಬರೆಯುವಾಗ ಎಲ್ಲವನ್ನೂ ನಾವೇ ಬರೆಯುವುದಿಲ್ಲ. ಫೈಲ್ ತೆರೆಯುವುದು, ಅಕ್ಷರ ಮೂಡಿಸುವುದು, ನೆಟ್‌ವರ್ಕ್‌ನಲ್ಲಿ ಗುಟ್ಟಾಗಿ ಮಾತಾಡುವುದು, ಇದೆಲ್ಲ ಲೈಬ್ರರಿಗಳಲ್ಲಿ ರೆಡಿ ಇರುತ್ತದೆ. ಅದನ್ನು ಪ್ರೋಗ್ರಾಂಗೆ ಸೇರಿಸಲು ಎರಡು ದಾರಿ. ಬೇಕಾದ ಕೋಡನ್ನು ಕಾಪಿ ಮಾಡಿ ಪ್ರೋಗ್ರಾಂ ಫೈಲಿನೊಳಗೇ ಇಟ್ಟುಬಿಡುವುದು ಸ್ಟ್ಯಾಟಿಕ್ ಲಿಂಕಿಂಗ್. ಲೈಬ್ರರಿಯನ್ನು ಬೇರೆ ಫೈಲಾಗಿ ಬಿಟ್ಟು, ಪ್ರೋಗ್ರಾಂ ಓಡುವ ಹೊತ್ತಿಗೆ ಜೋಡಿಸಿಕೊಳ್ಳುವುದು ಡೈನಮಿಕ್ ಲಿಂಕಿಂಗ್. ಹೀಗೆ ಜೋಡಿಸಿಕೊಳ್ಳುವ ಫೈಲೇ ಶೇರ್ಡ್ ಲೈಬ್ರರಿ. ನಿಮ್ಮ ಲಿನಕ್ಸ್‌ನಲ್ಲಿ ವಿಡಿಯೋ ಪ್ಲೇಯರ್ ಮೇಲೆ ಎಲ್‌ಡಿಡಿ ಕಮ್ಯಾಂಡ್ ಕೊಟ್ಟು ನೋಡಿ, ಸ್ಕ್ರೀನ್ ತುಂಬಾ ಹೆಸರು ಬರುತ್ತವೆ. ಅಷ್ಟೂ ಫೈಲುಗಳು ಸೇರಿದರೇ ಆ ಪ್ಲೇಯರ್ ಏಳುವುದು.

ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಓಡುವಾಗ ಜೋಡಿಸುವ ಯೋಚನೆ 1960ರ ದಶಕದ ಮಲ್ಟಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂನಲ್ಲೇ ಇತ್ತು. ಆಮೇಲೆ ಬಂದ ಯುನಿಕ್ಸ್ ಅದನ್ನು ಕೈಬಿಟ್ಟು ಸರಳವಾಗಿ ಬೆಳೆಯಿತು. 1980ರ ದಶಕದ ಕೊನೆಗೆ ಸನ್‌ಓಎಸ್ 4 ಮತ್ತು ಸಿಸ್ಟಂ ವಿ ಬಿಡುಗಡೆ 4 ಅನ್ನುವ ಯುನಿಕ್ಸ್ ಆವೃತ್ತಿಗಳು ಬಂದಾಗ, ಇವತ್ತು ನಾವು ನೋಡುವ ರೂಪ ಬಂತು. ಯುನಿಕ್ಸ್ ಮಾದರಿಯಲ್ಲೇ ಬಂದ ಲಿನಕ್ಸ್‌ನಲ್ಲಿ ಮೊದಲು ಒಂದೊಂದು ಲೈಬ್ರರಿಗೂ ಮೆಮೊರಿಯಲ್ಲಿ ಒಂದು ಕಾಯಂ ಜಾಗ ಗೊತ್ತು ಮಾಡಬೇಕಿತ್ತು. ಎರಡು ಲೈಬ್ರರಿಗೆ ಒಂದೇ ಜಾಗ ಬಿದ್ದರೆ ತಕರಾರು. 1990ರ ದಶಕದ ನಡುವೆ ಇಎಲ್ಎಫ್ ಅನ್ನುವ ಫೈಲ್ ರೂಪಕ್ಕೆ ಬದಲಾದ ಮೇಲೆ ಆ ಗೋಳು ತಪ್ಪಿತು.

ಈಗ ಲೆಕ್ಕಕ್ಕೆ ಬರೋಣ. ಶೇರ್ಡ್ ಲೈಬ್ರರಿ ಯಾಕೆ ಅಂತ ಯಾರನ್ನು ಕೇಳಿದರೂ ಮೊದಲ ಉತ್ತರ ಮೆಮೊರಿ ಉಳಿತಾಯ. ಇದು ನಿಜ, ಆದರೆ ಜನ ಅಂದುಕೊಂಡಷ್ಟು ಅಲ್ಲ.

ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್, ಮೆಮೊರಿಯನ್ನು ಪೇಜುಗಳಾಗಿ, ಅಂದರೆ ಒಂದೇ ಅಳತೆಯ ತುಂಡುಗಳಾಗಿ ನೋಡುತ್ತದೆ. ನಮ್ಮ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ ಒಂದು ಪೇಜ್ ಅಂದರೆ 4 ಕಿಲೋಬೈಟ್. ಸಿ ಲೈಬ್ರರಿಯ (ಸಿ ಭಾಷೆಯ ಮೂಲ ಲೈಬ್ರರಿಯ) ಕೋಡ್ ಇರುವ ಪೇಜನ್ನು ಡಿಸ್ಕಿನಿಂದ ಒಮ್ಮೆ ಓದಿದರೆ ಸಾಕು, ಅದನ್ನು ಬಳಸುವ ಎಲ್ಲ ಪ್ರೋಗ್ರಾಂಗಳಿಗೂ ಅದೇ ಪೇಜನ್ನು ತೋರಿಸುತ್ತದೆ. ಯಾರೂ ಆ ಪೇಜಿನ ಮೇಲೆ ಬರೆಯುವುದಿಲ್ಲ, ಹಾಗಾಗಿ ಹಂಚಿಕೊಳ್ಳಲು ತೊಂದರೆಯಿಲ್ಲ. ಆದರೆ ಸ್ಟ್ಯಾಟಿಕ್ ಪ್ರೋಗ್ರಾಂಗೂ ಇದೇ ನಿಯಮ ಅನ್ನುವುದನ್ನು ಜಾಸ್ತಿ ಜನ ಮರೆಯುತ್ತಾರೆ. ಒಂದೇ ಸ್ಟ್ಯಾಟಿಕ್ ಪ್ರೋಗ್ರಾಂ ನಲವತ್ತು ಸಲ ಓಡುತ್ತಿದ್ದರೂ ಅದರ ಕೋಡ್ ಮೆಮೊರಿಯಲ್ಲಿ ಒಂದೇ ಪ್ರತಿ. ಶೇರ್ಡ್ ಲೈಬ್ರರಿಯಿಂದ ಲಾಭ ಸಿಗುವುದು ಬೇರೆ ಬೇರೆ ಪ್ರೋಗ್ರಾಂಗಳು ಒಂದೇ ಲೈಬ್ರರಿ ಬಳಸಿದಾಗ ಮಾತ್ರ. ಸಿ ಲೈಬ್ರರಿಯನ್ನು ಸಿಸ್ಟಮ್ಮಿನ ಹೆಚ್ಚುಕಡಿಮೆ ಎಲ್ಲರೂ ಬಳಸುತ್ತಾರೆ, ಅಲ್ಲಿ ಲಾಭ ದೊಡ್ಡದು. ಒಂದೇ ಒಂದು ಪ್ರೋಗ್ರಾಂ ಬಳಸುವ ಲೈಬ್ರರಿಯನ್ನು ಬೇರೆ ಫೈಲಾಗಿ ಇಟ್ಟರೆ ಮೆಮೊರಿಯಲ್ಲಿ ಏನೂ ಉಳಿಯುವುದಿಲ್ಲ.

ಇನ್ನೊಂದು ವಿಷಯ. ಸ್ಟ್ಯಾಟಿಕ್ ಲಿಂಕಿಂಗ್‌ನಲ್ಲಿ ಇಡೀ ಲೈಬ್ರರಿ ಒಳಗೆ ಬರುವುದಿಲ್ಲ, ಬೇಕಾದ ತುಂಡುಗಳಷ್ಟೇ ಬರುತ್ತವೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಇರುವ ಗ್ನೂ ಸಿ ಲೈಬ್ರರಿಯ ತುಂಡುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಹತ್ತು ಬರುತ್ತವೆ, ಹಾಗಾಗಿ ಒಂದು ಸಾಲು ಪ್ರಿಂಟ್ ಮಾಡುವ ಪ್ರೋಗ್ರಾಂ ಕೂಡ ನೂರಾರು ಕಿಲೋಬೈಟ್ ದಾಟುತ್ತದೆ. 2011ರಲ್ಲಿ ಬಂದ ಮಸ್ಲ್ ಅನ್ನುವ ಸಿ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ ಬಳಸಬೇಕೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದರು. ಅದರಲ್ಲಿ ಅದೇ ಪ್ರೋಗ್ರಾಂ ಕೆಲವೇ ಹತ್ತು ಕಿಲೋಬೈಟ್‌ನಲ್ಲಿ ಮುಗಿಯುತ್ತದೆ. ಹಾಗಾಗಿ ಸ್ಟ್ಯಾಟಿಕ್ ಅಂದರೆ ದಪ್ಪ ಅನ್ನುವುದು ಅರ್ಧ ಸತ್ಯ. ಲೈಬ್ರರಿಯನ್ನು ಹೇಗೆ ಬರೆದಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ.

ಇಷ್ಟು ಉಳಿತಾಯದ ಕಥೆ. ಖರ್ಚು ಎಲ್ಲಿದೆ? ನನ್ನ ಮಟ್ಟಿಗೆ ಇವತ್ತಿನ ಮಾತಿನ ತಿರುಳು ಇದೇ. ಡಿಸ್ಕಿನ ಜಾಗದ ಬಗ್ಗೆ, ಫಂಕ್ಷನ್ (ಒಂದು ಹೆಸರಿಟ್ಟ ಕೋಡ್ ತುಂಡು) ಕರೆಯುವಾಗ ಆಗುವ ಚೂರು ತಡದ ಬಗ್ಗೆ ಜನ ಜಗಳ ಆಡುತ್ತಾರೆ. ನಿಜವಾದ ಖರ್ಚು ಇರುವುದು ಎರಡು ಕಡೆ. ಒಂದು, ಪ್ರೋಗ್ರಾಂ ಏಳುವಾಗ ನಡೆಯುವ ಹುಡುಕಾಟ. ಇನ್ನೊಂದು, ನಾವು ಬರೆದದ್ದನ್ನು ಯಂತ್ರದ ಕೋಡಿಗೆ ತಿರುಗಿಸುವ ಕಂಪೈಲರ್, ಮಾಡಬಹುದಾಗಿದ್ದೂ ಮಾಡದೆ ಬಿಡುವ ಕೆಲಸ.

ಮೊದಲು ಹುಡುಕಾಟ. ನೀವು ಐಕಾನ್ ಒತ್ತಿದ ತಕ್ಷಣ ನಿಮ್ಮ ಪ್ರೋಗ್ರಾಂ ಓಡುವುದಿಲ್ಲ. ಮೊದಲು ಓಡುವುದು ಡೈನಮಿಕ್ ಲೋಡರ್. ಅದು ಬೇಕಾದ ಲೈಬ್ರರಿಗಳ ಪಟ್ಟಿ ಓದುತ್ತದೆ. ಒಂದೊಂದು ಫೈಲನ್ನೂ ಹುಡುಕಿ, ತೆರೆದು, ಮೆಮೊರಿಗೆ ಜೋಡಿಸುತ್ತದೆ. ಆ ಲೈಬ್ರರಿಗಳಿಗೆ ಬೇಕಾದ ಲೈಬ್ರರಿಗಳನ್ನೂ ತರುತ್ತದೆ. ಆಮೇಲೆ ರಿಲೊಕೇಶನ್. ಲೈಬ್ರರಿ ಮೆಮೊರಿಯಲ್ಲಿ ಎಲ್ಲಿ ಕೂರುತ್ತದೆ ಅನ್ನುವುದು ಮೊದಲೇ ಗೊತ್ತಿರುವುದಿಲ್ಲ. ಸುರಕ್ಷತೆಗಾಗಿ ಪ್ರತಿ ಸಲವೂ ಜಾಗ ಬದಲಾಗುತ್ತದೆ. ಹಾಗಾಗಿ ಒಳಗಿರುವ ವಿಳಾಸಗಳನ್ನೆಲ್ಲ ಲೋಡರ್ ಪ್ರತಿ ಸಲ ತಿದ್ದಬೇಕು.

ವಿಳಾಸ ತಿದ್ದುವುದರಲ್ಲಿ ಎರಡು ಬಗೆ. ಒಂದು ಸುಲಭದ್ದು. ಲೈಬ್ರರಿ ಕೂತ ಜಾಗವನ್ನು ಹಳೇ ವಿಳಾಸಕ್ಕೆ ಕೂಡಿಸಿದರೆ ಮುಗಿಯಿತು. ಇದು ಬೇಗ ಆಗುತ್ತದೆ. ಆದರೆ ಹೀಗೆ ಬರೆದ ಪೇಜು ಇನ್ನು ಹಂಚಿಕೊಳ್ಳುವ ಪೇಜಲ್ಲ, ಆ ಪ್ರೋಸೆಸ್ಸಿನ (ಓಡುತ್ತಿರುವ ಆ ಪ್ರೋಗ್ರಾಂನ) ಸ್ವಂತದ್ದಾಗುತ್ತದೆ. ಉಳಿಸುತ್ತೇವೆ ಅಂದುಕೊಂಡ ಮೆಮೊರಿಯಲ್ಲಿ ಒಂದು ಪಾಲು ಇಲ್ಲಿ ಸೋರಿಹೋಗುತ್ತದೆ. ಪಾಯಿಂಟರ್‌ಗಳ, ಅಂದರೆ ಮೆಮೊರಿ ವಿಳಾಸಗಳ ದೊಡ್ಡ ಪಟ್ಟಿಗಳಿರುವ ಸಿ ಪ್ಲಸ್ ಪ್ಲಸ್ ಲೈಬ್ರರಿಗಳಲ್ಲಿ ಇದು ಜಾಸ್ತಿ. 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಇಂಥ ಒಂದೊಂದು ತಿದ್ದುಪಡಿಯ ದಾಖಲೆಗೂ ಫೈಲಿನಲ್ಲಿ 24 ಬೈಟ್ ಬೇಕಿತ್ತು. ಈಗ ರಿಲ್‌ಆರ್ ಅನ್ನುವ ಒತ್ತೊತ್ತಾದ ರೂಪ ಬಂದಿದೆ. ಅದರಲ್ಲಿ 8 ಬೈಟ್‌ನ ಒಂದು ತುಂಡು 63 ಜಾಗಗಳವರೆಗೆ ಹೇಳಬಲ್ಲದು. ಗ್ನೂ ಸಿ ಲೈಬ್ರರಿಗೆ ಇದು 2022ರಲ್ಲಿ, 2.36ನೇ ಆವೃತ್ತಿಯಲ್ಲಿ ಬಂತು. ಹೊರಗೆ ಯಾರಿಗೂ ಕಾಣದ ಕೆಲಸ, ಆದರೆ ಎಷ್ಟು ಚೆಂದದ ಕೆಲಸ ನೋಡಿ.

ಎರಡನೇ ಬಗೆ ಕಷ್ಟದ್ದು. ಅದು ಹೆಸರಿನಿಂದ ಹುಡುಕುವುದು. ಪ್ರೋಗ್ರಾಂ "ನನಗೆ ಈ ಹೆಸರಿನ ಫಂಕ್ಷನ್ ಬೇಕು" ಅನ್ನುತ್ತದೆ, ಅದು ಯಾವ ಲೈಬ್ರರಿಯಲ್ಲಿದೆ ಅಂತ ಹೇಳುವುದಿಲ್ಲ. ಲೋಡರ್ ಮೊದಲು ಪ್ರೋಗ್ರಾಂನಲ್ಲೇ ನೋಡುತ್ತದೆ, ಆಮೇಲೆ ಮೊದಲ ಲೈಬ್ರರಿ, ಎರಡನೇದು, ಮೂರನೇದು, ಹೀಗೆ ಸಿಗುವವರೆಗೂ ಸಾಲಾಗಿ. ಎಂಬತ್ತು ಲೈಬ್ರರಿಗಳಿದ್ದು, ಬೇಕಾದ ಹೆಸರು ಎಪ್ಪತ್ತನೇದರಲ್ಲಿದ್ದರೆ ಅರವತ್ತೊಂಬತ್ತು ಲೈಬ್ರರಿಗಳಲ್ಲಿ "ಇಲ್ಲ" ಅನ್ನಿಸಿಕೊಂಡು ಬರಬೇಕು. ಇಂಥ ಸಾವಿರಾರು ಹೆಸರುಗಳು. ಅಂದರೆ ಖರ್ಚು ಹೆಸರುಗಳ ಸಂಖ್ಯೆಯಿಂದ ಏರುತ್ತದೆ, ಲೈಬ್ರರಿಗಳ ಸಂಖ್ಯೆಯಿಂದ ಇನ್ನೊಮ್ಮೆ ಏರುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಹೆಸರುಗಳು ಬಹಳ ಉದ್ದ, ಶುರುವಿನ ಅಕ್ಷರಗಳೂ ಒಂದೇ ಥರ. ಹಾಗಾಗಿ ಹೋಲಿಸಿ ನೋಡುವುದಕ್ಕೇ ಹೊತ್ತು ಹಿಡಿಯುತ್ತದೆ.

ಇದನ್ನು ತಗ್ಗಿಸಲು ಜನ ಮಾಡಿದ ಸಾಹಸ ಸಣ್ಣದಲ್ಲ. ಕೆಡಿಇ ಡೆಸ್ಕ್‌ಟಾಪಿನವರು ಎಲ್ಲ ಲೈಬ್ರರಿ ಜೋಡಿಸಿಕೊಂಡ ಒಂದು ಪ್ರೋಸೆಸ್ ಎಬ್ಬಿಸಿಟ್ಟು, ಬೇಕಾದಾಗ ಅದರದೇ ಪ್ರತಿ ತೆಗೆದು ಹೊಸ ಪ್ರೋಗ್ರಾಂ ಶುರು ಮಾಡುತ್ತಿದ್ದರು. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನ್ ಇವತ್ತಿಗೂ ಹೀಗೇ ಮಾಡುತ್ತದೆ. ಝೈಗೋಟ್ ಅನ್ನುವ ಪ್ರೋಸೆಸ್ ಮೊದಲೇ ತಯಾರಾಗಿ ಕೂತಿರುತ್ತದೆ, ಒಂದೊಂದು ಆ್ಯಪ್ ತೆರೆದಾಗಲೂ ಅದರಿಂದ ಒಂದು ಕವಲು ಹೊರಡುತ್ತದೆ. 2006ರಲ್ಲಿ ಗ್ನೂ ಲೋಡರ್‌ಗೆ, ಹೆಸರನ್ನು ಬೇಗ ಹುಡುಕಲು, ಹೊಸ ಹ್ಯಾಶ್ ಪಟ್ಟಿ ಬಂತು. ಅದರ ಮುಂದೆ ಬ್ಲೂಮ್ ಫಿಲ್ಟರ್ ಇರುತ್ತದೆ. "ಈ ಹೆಸರು ನಮ್ಮಲ್ಲಿ ಇಲ್ಲ" ಅನ್ನುವುದನ್ನು ಅದು ಬಹುತೇಕ ಸಲ ತಕ್ಷಣ ಹೇಳಿಬಿಡುತ್ತದೆ. ಲೋಡರ್ ಕೇಳುವ ಹೆಚ್ಚಿನ ಪ್ರಶ್ನೆಗಳ ಉತ್ತರ "ಇಲ್ಲ" ತಾನೇ, ಅದಕ್ಕೇ ಈ ಉಪಾಯ ಅಷ್ಟು ಚೆನ್ನಾಗಿ ಕೆಲಸ ಮಾಡಿತು. ಆಪಲ್ ಇನ್ನೊಂದು ದಾರಿ ಹಿಡಿಯಿತು. ಸಿಸ್ಟಂ ಲೈಬ್ರರಿಗಳನ್ನೆಲ್ಲ ಮೊದಲೇ ಜೋಡಿಸಿ ಒಂದು ದೊಡ್ಡ ಕ್ಯಾಶ್ ಫೈಲ್ ಮಾಡಿಟ್ಟಿತು. 2020ರ ಮ್ಯಾಕ್‌ಓಎಸ್ ಬಿಗ್ ಸರ್‌ನಿಂದೀಚೆಗೆ ಆ ಲೈಬ್ರರಿಗಳು ಬಿಡಿ ಫೈಲುಗಳಾಗಿ ಡಿಸ್ಕಿನಲ್ಲಿ ಸಿಗುವುದೇ ಇಲ್ಲ.

ಸರಳ ಉಪಾಯವೂ ಇದೆ, ಸುಮ್ನೆ ಲೈಬ್ರರಿಗಳನ್ನು ಕೂಡಿಸಿಬಿಡುವುದು. ಫೈರ್‌ಫಾಕ್ಸ್‌ನ ಹೆಚ್ಚಿನ ಕೋಡ್ ಲಿಬ್‌ಎಕ್ಸ್‌ಯುಎಲ್ ಅನ್ನುವ ಒಂದೇ ದೊಡ್ಡ ಲೈಬ್ರರಿಯಲ್ಲಿದೆ. ಲಿಬ್ರೆಆಫೀಸ್ ಕಟ್ಟುವಾಗಲೂ ಹಲವು ಲೈಬ್ರರಿಗಳನ್ನು ಒಂದಾಗಿಸುವ ಆಯ್ಕೆ ಇದೆ. ಆ ಲೈಬ್ರರಿಗಳನ್ನು ಬೇರೆ ಯಾರೂ ಬಳಸುತ್ತಿರಲಿಲ್ಲ, ಹಾಗಾಗಿ ಕಳೆದುಕೊಂಡದ್ದು ಏನೂ ಇಲ್ಲ.

ಹುಡುಕಾಟವನ್ನು ಮುಂದೂಡಬಹುದಲ್ವಾ ಅಂತ ನೀವು ಕೇಳಬಹುದು. ಹೌದು, ಅದಕ್ಕೆ ಲೇಜಿ ಬೈಂಡಿಂಗ್ ಅನ್ನುತ್ತಾರೆ. ಯಾರದೋ ಫೋನ್ ನಂಬರ್ ಮೊದಲ ಸಲ ಬೇಕಾದಾಗ ವಿಚಾರಿಸಿ ಡೈರಿಯಲ್ಲಿ ಬರೆದುಕೊಂಡು, ಆಮೇಲೆ ಡೈರಿ ನೋಡಿಯೇ ಫೋನ್ ಮಾಡುವ ಹಾಗೆ. ಪಿಎಲ್‌ಟಿ ಅನ್ನುವ ಸಣ್ಣ ಕೋಡ್ ತುಂಡು ವಿಚಾರಿಸುತ್ತದೆ, ಜಿಓಟಿ ಅನ್ನುವ ಪಟ್ಟಿಯಲ್ಲಿ ವಿಳಾಸ ಬರೆದಿಡುತ್ತದೆ. ಆದರೆ ಬರೆಯಲು ಬಿಟ್ಟ ಪಟ್ಟಿಯನ್ನು ದಾಳಿ ಮಾಡುವವನೂ ತಿದ್ದಬಹುದು. ಅದಕ್ಕೇ ಈಗ ಹಲವು ಡಿಸ್ಟ್ರಿಬ್ಯೂಷನ್‌ಗಳು, ಅಂದರೆ ಲಿನಕ್ಸ್ ಕಟ್ಟಿ ಹಂಚುವ ಬಳಗಗಳು, ಎಲ್ಲ ಹೆಸರನ್ನೂ ಶುರುವಿನಲ್ಲೇ ಹುಡುಕಿ, ಪಟ್ಟಿಗೆ ಬೀಗ ಹಾಕುತ್ತವೆ. ಸುರಕ್ಷತೆ ಬಂತು, ಏಳುವ ಹೊತ್ತು ಸ್ವಲ್ಪ ಹೆಚ್ಚಿತು. ಇದು ಸರಿಯಾದ ಆಯ್ಕೆ ಅಂತಲೇ ನನ್ನ ಅನಿಸಿಕೆ.

ಪಟ್ಟಿ ನೋಡಿ ಜಿಗಿಯುವ ಖರ್ಚು ಇವತ್ತು ಚಿಕ್ಕದು. ಹಳೇ 32 ಬಿಟ್ ಇಂಟೆಲ್ ಯಂತ್ರಗಳಲ್ಲಿ ಹಾಗಿರಲಿಲ್ಲ. ಅಲ್ಲಿ ಇದ್ದದ್ದೇ ಎಂಟು ರಿಜಿಸ್ಟರ್, ಅಂದರೆ ಪ್ರೊಸೆಸರ್ ಒಳಗೆ ಅಂಕಿ ಇಟ್ಟುಕೊಳ್ಳುವ ಪುಟ್ಟ ಜಾಗಗಳು. ಈ ಪಟ್ಟಿ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳಲು ಅದರಲ್ಲೊಂದನ್ನು ಬಿಟ್ಟುಕೊಡಬೇಕಿತ್ತು, ಇಡೀ ಲೈಬ್ರರಿ ಕೋಡ್ ಅದರಿಂದ ನಿಧಾನವಾಗುತ್ತಿತ್ತು. 64 ಬಿಟ್ ಬಂದಾಗ ರಿಜಿಸ್ಟರ್ ಹದಿನಾರಾದವು, ಕೋಡ್ ತಾನಿರುವ ಜಾಗದಿಂದಲೇ ಅಳೆದು ಡೇಟಾ ಮುಟ್ಟುವ ಸೌಲಭ್ಯವೂ ಬಂತು. "ಶೇರ್ಡ್ ಲೈಬ್ರರಿ ನಿಧಾನ" ಅನ್ನುವ ಹಳೇ ಮಾತಿನ ಒಂದು ದೊಡ್ಡ ಭಾಗ ಅಲ್ಲಿಗೇ ಮುಗಿಯಿತು.

ಮುಗಿಯದೆ ಉಳಿದದ್ದು ಎರಡನೇ ಖರ್ಚು. ಇದಕ್ಕೆ ಒಳ್ಳೆಯ ಸಾಕ್ಷಿ ಪೈಥಾನ್ ಭಾಷೆ.

ಯುನಿಕ್ಸ್‌ನ ನಿಯಮದ ಪ್ರಕಾರ ಲೈಬ್ರರಿಯ ಯಾವ ಬಹಿರಂಗ ಫಂಕ್ಷನ್ನನ್ನಾದರೂ ಹೊರಗಿನವರು ಬದಲಿಸಬಹುದು. ನಿಮ್ಮದೇ ಫಂಕ್ಷನ್ ಅದೇ ಹೆಸರಲ್ಲಿ ಮೊದಲು ಲೋಡ್ ಆದರೆ, ಲೈಬ್ರರಿ ಕೂಡ ನಿಮ್ಮದನ್ನೇ ಕರೆಯುತ್ತದೆ. ಮೆಮೊರಿ ಎಲ್ಲಿ ಸೋರುತ್ತಿದೆ ಅಂತ ಪತ್ತೆ ಮಾಡುವ ಸಲಕರಣೆಗಳು ಇದನ್ನೇ ನಂಬಿಕೊಂಡಿವೆ, ಬಹಳ ಉಪಯುಕ್ತ. ಆದರೆ ಕಂಪೈಲರ್ ಕಡೆಯಿಂದ ನೋಡಿ. ಲೈಬ್ರರಿಯೊಳಗೆ ಒಂದು ಫಂಕ್ಷನ್ ಪಕ್ಕದ ಫಂಕ್ಷನ್ನನ್ನು ಕರೆಯುತ್ತಿದೆ. ಎರಡೂ ಒಂದೇ ಫೈಲಿನಲ್ಲಿವೆ. ಆದರೂ ಗ್ನೂ ಕಂಪೈಲರ್ ಅದನ್ನು ಒಳಗೆ ಸೇರಿಸಿ ಬಿಗಿ ಮಾಡುವಂತಿಲ್ಲ. ಯಾರು ಬಲ್ಲರು, ನಾಳೆ ಯಾರಾದರೂ ಅದನ್ನು ಬದಲಿಸಬಹುದು! ಹಾಗಾಗಿ ತನ್ನ ಮನೆಯೊಳಗಿನ ಕರೆಗೂ ಅದು ಪಟ್ಟಿ ನೋಡಿಕೊಂಡೇ ಹೋಗುತ್ತದೆ.

ಪೈಥಾನ್ ಕೋಡನ್ನು ಓದಿ ಓಡಿಸುವ ಇಂಟರ್‌ಪ್ರಿಟರ್ ಒಳಗೆ ಸಣ್ಣ ಸಣ್ಣ ಫಂಕ್ಷನ್‌ಗಳು ಒಂದನ್ನೊಂದು ಎಡೆಬಿಡದೆ ಕರೆಯುತ್ತವೆ. ಅದನ್ನು ಶೇರ್ಡ್ ಲೈಬ್ರರಿಯಾಗಿ ಕಟ್ಟಿದಾಗ ಈ ನಿಯಮದ ಪೆಟ್ಟು ಜೋರಾಗಿ ಬೀಳುತ್ತಿತ್ತು. ಫೆಡೋರಾ ಡಿಸ್ಟ್ರಿಬ್ಯೂಷನ್ನಿನವರು ಮೊದಲು, ಆಮೇಲೆ 2021ರಲ್ಲಿ ಪೈಥಾನ್ 3.10 ತಾನೇ, "ನಮ್ಮ ಒಳಗಿನ ಕರೆಗಳನ್ನು ಯಾರೂ ಬದಲಿಸುವುದಿಲ್ಲ ಅಂತ ತಿಳಿದುಕೋ" ಅಂತ ಕಂಪೈಲರ್‌ಗೆ ಹೇಳುವ ಒಂದು ಆಯ್ಕೆ ಸೇರಿಸಿದರು. ಶೇರ್ಡ್ ಆಗಿ ಕಟ್ಟಿದ ಪೈಥಾನ್ ಶೇಕಡಾ 30ರವರೆಗೆ ವೇಗವಾಯಿತು. ಭಾಷೆಯ ಒಂದು ಸಾಲೂ ಬದಲಾಗಲಿಲ್ಲ! ಡೆಬಿಯನ್ ಡಿಸ್ಟ್ರಿಬ್ಯೂಷನ್ನಿನವರು ಪೈಥಾನ್ ಕಮ್ಯಾಂಡಿನೊಳಗೆ ಇಂಟರ್‌ಪ್ರಿಟರ್ ಅನ್ನು ಸ್ಟ್ಯಾಟಿಕ್ ಆಗಿಯೇ ಇಟ್ಟು ಈ ಪೆಟ್ಟನ್ನು ಮೊದಲಿನಿಂದಲೂ ತಪ್ಪಿಸಿಕೊಂಡಿದ್ದರು.

ಲೈಬ್ರರಿ ಬರೆಯುವ ಮಕ್ಕಳಿಗೆ ಇಲ್ಲೊಂದು ಮಾತು. 2005ರ ಜಿಸಿಸಿ 4ರಿಂದ (ಜಿಸಿಸಿ ಅಂದರೆ ಅದೇ ಗ್ನೂ ಕಂಪೈಲರ್) ಎಲ್ಲ ಹೆಸರುಗಳನ್ನೂ ಒಳಗೇ ಬಚ್ಚಿಟ್ಟು, ಬೇಕಾದವನ್ನಷ್ಟೇ ಹೊರಗೆ ತೋರಿಸುವ ಆಯ್ಕೆ ಕೈಗೆ ಸಿಕ್ಕಿದೆ. ದಯವಿಟ್ಟು ಅದನ್ನು ಬಳಸಿ. ಹುಡುಕಾಟವೂ ಕಡಿಮೆಯಾಗುತ್ತದೆ, ಕಂಪೈಲರ್‌ನ ಕೈಯೂ ಬಿಚ್ಚುತ್ತದೆ.

ಇಷ್ಟು ಖರ್ಚಿದ್ದರೂ ನಾನು ಶೇರ್ಡ್ ಲೈಬ್ರರಿಯ ಪರ. ಯಾಕೆ ಅಂದರೆ ರಿಪೇರಿ. 2014ರ ಏಪ್ರಿಲ್‌ನಲ್ಲಿ, ನೆಟ್‌ವರ್ಕ್‌ನಲ್ಲಿ ಗುಟ್ಟಾಗಿ ಮಾತಾಡಲು ಬಳಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಅನ್ನುವ ತೂತು ಬಯಲಾಯಿತು. ಸರ್ವರ್‌ನ ಮೆಮೊರಿಯಲ್ಲಿದ್ದ ಗುಟ್ಟುಗಳನ್ನು ಹೊರಗಿನವರು ಓದಬಹುದಿತ್ತು. ಲೈಬ್ರರಿ ಹಂಚಿಕೊಂಡಿದ್ದ ಕಡೆ ಒಂದು ಪ್ಯಾಕೇಜ್ ಬದಲಿಸಿ, ಅದನ್ನು ಬಳಸುವ ಪ್ರೋಗ್ರಾಂಗಳನ್ನು ನಿಲ್ಲಿಸಿ ಶುರು ಮಾಡಿದರೆ ತೂತು ಮುಚ್ಚಿತು. ನಿಲ್ಲಿಸಿ ಶುರು ಮಾಡುವುದನ್ನು ಮರೆಯಬೇಡಿ. ಓಡುತ್ತಿರುವ ಪ್ರೋಗ್ರಾಂ ಹಳೇ ಫೈಲಿನ ಪೇಜುಗಳನ್ನೇ ಹಿಡಿದುಕೊಂಡಿರುತ್ತದೆ. ಸ್ಟ್ಯಾಟಿಕ್ ಆಗಿದ್ದ ಪ್ರೋಗ್ರಾಂಗಳನ್ನು ಒಂದೊಂದಾಗಿ ಹುಡುಕಿ, ಮತ್ತೆ ಕಟ್ಟಿ, ಮತ್ತೆ ಹಂಚಬೇಕಿತ್ತು.

ನಮ್ಮ ಜಿಲ್ಲೆಗೆ ಇದು ಇನ್ನೂ ಹತ್ತಿರದ ಮಾತು. ಕಕ್ಕಡ ತಿಂಗಳ ಮಳೆಯಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಹೇಳಲಾಗದು. ಟವರ್‌ನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ತೋಟದ ನಡುವಿನ ಮನೆಯಲ್ಲಿ ಸಿಗ್ನಲ್ ಸಿಕ್ಕ ಅರ್ಧ ಗಂಟೆಯಲ್ಲಿ ಅಪ್‌ಡೇಟ್ ಮುಗಿಯಬೇಕು. ಒಂದು ಲೈಬ್ರರಿಯ ಕೆಲವು ಮೆಗಾಬೈಟ್ ಇಳಿಸುವುದಕ್ಕೂ, ಅದನ್ನು ಬಳಸುವ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಇಳಿಸುವುದಕ್ಕೂ ಇರುವ ವ್ಯತ್ಯಾಸ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪರ್ಫಾರ್ಮೆನ್ಸ್ ಅಂದಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅನ್ನುವುದು ನನ್ನ ವಾದ.

ಹಂಚಿಕೊಳ್ಳುವುದರ ಅಪಾಯವನ್ನೂ ಹೇಳಬೇಕು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಕಂಪ್ರೆಷನ್ ಲೈಬ್ರರಿಯಲ್ಲಿ ಯಾರೋ ಬೇಕಂತಲೇ ಹಿಂಬಾಗಿಲು ಇಟ್ಟಿದ್ದು ಬಯಲಿಗೆ ಬಂತು. ಗುರಿ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್ಎಸ್ಎಚ್ ಸರ್ವರ್. ಮೂಲ ಎಸ್ಎಸ್ಎಚ್ ಸರ್ವರ್ ಈ ಲೈಬ್ರರಿಯನ್ನು ಬಳಸುವುದೇ ಇಲ್ಲ. ಕೆಲವು ಡಿಸ್ಟ್ರಿಬ್ಯೂಷನ್‌ಗಳು ಅದಕ್ಕೆ ಸಿಸ್ಟಂಡಿ (ಸಿಸ್ಟಮ್ಮಿನ ಸೇವೆಗಳನ್ನು ಶುರು ಮಾಡಿ ನೋಡಿಕೊಳ್ಳುವ ತಂತ್ರಾಂಶ) ಲೈಬ್ರರಿ ಜೋಡಿಸಿದ್ದವು, ಸಿಸ್ಟಂಡಿ ಲೈಬ್ರರಿ ಎಕ್ಸ್‌ಝಡ್ ಅನ್ನು ಎಳೆದು ತಂದಿತ್ತು. ಯಂತ್ರಕ್ಕೆ ತಕ್ಕ ವೇಗದ ಫಂಕ್ಷನ್ ಆರಿಸಲೆಂದು ಲೋಡರ್‌ನಲ್ಲಿ ಐಫಂಕ್ ಅನ್ನುವ ಸೌಲಭ್ಯವಿದೆ, ಅದು ಪ್ರೋಗ್ರಾಂ ಏಳುವ ಮೊದಲೇ ಓಡುತ್ತದೆ. ಹಿಂಬಾಗಿಲು ಅದರ ಮೂಲಕವೇ ಒಳಗೆ ಬಂತು. ಅದನ್ನು ಹಿಡಿದದ್ದು ಆಂಡ್ರೆಸ್ ಫ್ರಾಯಿಂಡ್ ಅನ್ನುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಡೆವಲಪರ್. ಎಸ್ಎಸ್ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಅವರು ಬೆನ್ನು ಹತ್ತಿದರು. ಲೋಡರ್ ಏನು ಮಾಡುತ್ತದೆ ಅಂತ ತಿಳಿದುಕೊಳ್ಳುವುದು ಯಾಕೆ ಮುಖ್ಯ ಅನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಕ್ಕಿಲ್ಲ.

ಅಳೆಯುವುದು ಕಷ್ಟವಲ್ಲ. ಎಲ್‌ಡಿ ಡೀಬಗ್ (LD_DEBUG) ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಸ್ಟ್ಯಾಟಿಸ್ಟಿಕ್ಸ್ ಅಂತ ಕೊಟ್ಟು ಪ್ರೋಗ್ರಾಂ ಓಡಿಸಿ. ಲೋಡರ್ ಎಷ್ಟು ಹೊತ್ತು ತಿಂದಿತು, ಎಷ್ಟು ರಿಲೊಕೇಶನ್ ಮಾಡಿತು ಅಂತ ಅದೇ ಹೇಳುತ್ತದೆ. ಮೆಮೊರಿಗೆ ಪ್ರೊಕ್ ಫೋಲ್ಡರಿನಲ್ಲಿ ಎಸ್‌ಮ್ಯಾಪ್ಸ್ ಫೈಲ್ ನೋಡಿ. ಅಲ್ಲಿ ಪಿಎಸ್ಎಸ್ ಅನ್ನುವ ಅಂಕಿ ಹಂಚಿಕೊಂಡ ಪೇಜನ್ನು ಹಂಚಿಕೊಂಡವರ ನಡುವೆ ಭಾಗ ಮಾಡಿ ತೋರಿಸುತ್ತದೆ. ಟಾಪ್ ಕಮ್ಯಾಂಡಿನ ಆರ್‌ಇಎಸ್ ಅಂಕಿ ಹಾಗಲ್ಲ, ಹಂಚಿಕೊಂಡದ್ದನ್ನೂ ಎಲ್ಲರ ಲೆಕ್ಕದಲ್ಲೂ ಪೂರ್ತಿ ಬರೆಯುತ್ತದೆ.

ಇನ್ನು ಪ್ರಶ್ನೆಗಳು. ಶಾಲೆಯ ಮೇಷ್ಟ್ರೊಬ್ಬರು ಕೇಳಿದರು: "ನಮ್ಮ ಲ್ಯಾಬಿನ ಹಳೇ ಕಂಪ್ಯೂಟರ್‌ಗಳು ಕರೆಂಟ್ ಹೋಗಿ ಬಂದಾಗಲೆಲ್ಲ ಮೊದಲ ಸಲ ಬಹಳ ನಿಧಾನ, ಎರಡನೇ ಸಲ ಪರವಾಗಿಲ್ಲ. ಇದಕ್ಕೂ ಲೈಬ್ರರಿಗೂ ಸಂಬಂಧ ಇದೆಯಾ ಸಾರ್?"

ಇದೆ ಸಾರ್. ಮೊದಲ ಸಲ ಪೇಜುಗಳು ಮೆಮೊರಿಯಲ್ಲಿ ಇರುವುದಿಲ್ಲ. ತಿರುಗುವ ಹಾರ್ಡ್‌ಡಿಸ್ಕ್‌ನಲ್ಲಿ ಹತ್ತಾರು ಲೈಬ್ರರಿ ಫೈಲುಗಳು ಬೇರೆ ಬೇರೆ ಕಡೆ ಬಿದ್ದಿರುತ್ತವೆ, ಓದುವ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡಬೇಕು. ಎರಡನೇ ಸಲ ಎಲ್ಲ ಮೆಮೊರಿಯಲ್ಲೇ ಇರುತ್ತದೆ. ದುಡ್ಡಿದ್ದರೆ ಸಣ್ಣದೊಂದು ಎಸ್‌ಎಸ್‌ಡಿ ಹಾಕಿಸಿ, ಲೈಬ್ರರಿ ತಿದ್ದುವುದಕ್ಕಿಂತ ಅದರಿಂದಲೇ ಜಾಸ್ತಿ ಉಪಯೋಗ. ಡೆಸ್ಕ್‌ಟಾಪ್ ಮತ್ತು ಅದರ ಪ್ರೋಗ್ರಾಂಗಳನ್ನು ಒಂದೇ ಬಳಗದಿಂದ ಆರಿಸಿಕೊಳ್ಳಿ. ಗ್ನೋಮ್ ಡೆಸ್ಕ್‌ಟಾಪಿನ ಪ್ರೋಗ್ರಾಂಗಳ ಪಕ್ಕ ಕೆಡಿಇ ಪ್ರೋಗ್ರಾಂ ತೆರೆದರೆ ಎರಡು ಬಳಗದ ಲೈಬ್ರರಿಗಳೂ ಮೆಮೊರಿಗೆ ಬರುತ್ತವೆ. 2 ಜಿಬಿಯ ಯಂತ್ರಕ್ಕೆ ಅದು ಭಾರ.

ಒಬ್ಬ ವಿದ್ಯಾರ್ಥಿನಿ ಕೇಳಿದ್ದು: "ಈಗ ಎಲ್ಲರೂ ಕಂಟೇನರ್ ಬಳಸುತ್ತಾರೆ. ಒಂದೊಂದರೊಳಗೂ ಅದರದೇ ಸಿ ಲೈಬ್ರರಿ ಇರುತ್ತದೆ. ಹಾಗಾದರೆ ಹಂಚಿಕೊಳ್ಳುವುದು ಎಲ್ಲಿ ಬಂತು?"

ಒಳ್ಳೆಯ ಪ್ರಶ್ನೆ ಕಣಮ್ಮಾ. ಕಂಟೇನರ್ ಅಂದರೆ ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದ ಫೈಲುಗಳನ್ನು ಪದರ ಪದರವಾಗಿ ಒಂದು ಪೆಟ್ಟಿಗೆಗೆ ಹಾಕಿ ಬೇರೆಯಾಗಿ ಓಡಿಸುವುದು. ಕರ್ನಲ್ ಪೇಜನ್ನು ಗುರುತಿಸುವುದು ಫೈಲಿನ ಹೆಸರಿನಿಂದಲ್ಲ, ಒಳಗಿರುವ ಬೈಟುಗಳಿಂದಲೂ ಅಲ್ಲ, ಐನೋಡ್‌ನಿಂದ, ಅಂದರೆ ಡಿಸ್ಕಿನಲ್ಲಿ ಆ ಫೈಲಿಗೆ ಇರುವ ದಾಖಲೆಯಿಂದ. ಎರಡು ಕಂಟೇನರ್‌ಗಳು ಒಂದೇ ಮೂಲ ಪದರದ ಮೇಲೆ ನಿಂತಿದ್ದು, ಪದರಗಳನ್ನು ಒಂದರ ಮೇಲೊಂದು ಜೋಡಿಸಿ ತೋರಿಸುವ ಓವರ್‌ಲೇ ಫೈಲ್‌ಸಿಸ್ಟಂ ಬಳಸಿದರೆ, ಎರಡೂ ನೋಡುವುದು ಒಂದೇ ಐನೋಡ್. ಆಗ ಲೈಬ್ರರಿಯ ಪೇಜುಗಳು ಹಂಚಿಕೆಯಾಗುತ್ತವೆ. ಒಂದು ಡೆಬಿಯನ್ ಮೇಲೆ, ಇನ್ನೊಂದು ಆಲ್ಪೈನ್ ಅನ್ನುವ ಬೇರೆ ಡಿಸ್ಟ್ರಿಬ್ಯೂಷನ್ ಮೇಲೆ ಇದ್ದರೆ ಏನೂ ಹಂಚಿಕೆಯಾಗುವುದಿಲ್ಲ. ಎರಡೂ ಡೆಬಿಯನ್ ಆಗಿದ್ದು, ಬೇರೆ ಬೇರೆ ದಿನ ಕಟ್ಟಿದ ಪದರಗಳಾದರೂ ಅಷ್ಟೇ. ಬೈಟು ಬೈಟೂ ಒಂದೇ ಇದ್ದರೂ ಮೆಮೊರಿಯಲ್ಲಿ ಎರಡು ಪ್ರತಿ. ಡೆಸ್ಕ್‌ಟಾಪ್ ಪ್ರೋಗ್ರಾಂಗಳನ್ನು ಹಂಚುವ ಫ್ಲ್ಯಾಟ್‌ಪ್ಯಾಕ್ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ಅದರ ಕೆಳಗಿರುವ ಓಎಸ್‌ಟ್ರೀ ಒಂದೇ ಥರದ ಫೈಲುಗಳನ್ನು ಹಾರ್ಡ್‌ಲಿಂಕ್ ಮಾಡಿ ಒಂದೇ ಐನೋಡ್‌ಗೆ ತರುತ್ತದೆ. ನೀವು ಸರ್ವರ್‌ನಲ್ಲಿ ಇಪ್ಪತ್ತು ಕಂಟೇನರ್ ಓಡಿಸುವುದಾದರೆ ಎಲ್ಲವನ್ನೂ ಒಂದೇ ಮೂಲ ಪದರದಿಂದ ಕಟ್ಟಿ. ಒಳಗೆ ಓಡುವುದು ಗೋ ಭಾಷೆಯ ಪ್ರೋಗ್ರಾಂ ಮಾತ್ರ ಅಂತಾದರೆ ಕಥೆ ಬೇರೆ. ಗೋ ಸಾಮಾನ್ಯವಾಗಿ ಸ್ಟ್ಯಾಟಿಕ್ ಆಗಿಯೇ ಲಿಂಕ್ ಆಗುತ್ತದೆ, ಅದಕ್ಕೆ ಖಾಲಿ ಪದರವೇ ಸಾಕು. ಗೋ ಭಾಷೆಯನ್ನು ರೂಪಿಸಿದವರಲ್ಲಿ ಕೆನ್ ಥಾಂಪ್ಸನ್, ರಾಬ್ ಪೈಕ್ ಇಬ್ಬರೂ ಮೊದಲು ಪ್ಲಾನ್ 9 ಅನ್ನುವ ಆಪರೇಟಿಂಗ್ ಸಿಸ್ಟಂ ಕಟ್ಟಿದ ತಂಡದಲ್ಲಿದ್ದವರು, ಅಲ್ಲಿ ಶೇರ್ಡ್ ಲೈಬ್ರರಿಯೇ ಇರಲಿಲ್ಲ. ಒಂದು ಎಚ್ಚರಿಕೆ. ಗ್ನೂ ಸಿ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ ಸೇರಿಸಿ ಇದೇ ಥರ ಖಾಲಿ ಪದರದಲ್ಲಿ ಇಟ್ಟರೆ, ಹೋಸ್ಟ್ ಹೆಸರು ಹುಡುಕುವ ಹೊತ್ತಿಗೆ ಅದು ಶೇರ್ಡ್ ಲೈಬ್ರರಿಗಳನ್ನು ಕೇಳಬಹುದು. ಅದಕ್ಕೇ ಅಂಥ ಕೆಲಸಕ್ಕೆ ಮಸ್ಲ್ ವಾಸಿ.